ಗುಂಡಿ ಹಾಕುವ ಪಾಠ

ಡೌನ್ ಸಿಂಡ್ರೋಮ್ ಉಳ್ಳ ಮಗುವಿನ ಜೀವಕೋಶಗಳಲ್ಲಿ 21ನೆಯ ವರ್ಣತಂತು ಸಾಮಾನ್ಯವಾಗಿ ಎರಡರ ಬದಲು ಮೂರು ಇರುತ್ತವೆ. ಫ್ರಾನ್ಸಿನ ವಿಜ್ಞಾನಿಗಳು 1959ರಲ್ಲಿ ಇದನ್ನು ಪ್ರಕಟಿಸಿದರು. ಆದರೂ ಗ್ರಹಣದ ನೆವ ಹೇಳಿ ತಾಯಿಯನ್ನು ದೂರುವವರು ಇನ್ನೂ ಇದ್ದಾರೆ!

ಇಂತಹ ಮಗುವಿನ ಸ್ನಾಯುಗಳು ಸಡಿಲ. ನಡೆ, ನುಡಿ ಎರಡೂ ತಡ. ಹಲವರಿಗೆ ಹೃದಯದ ದೋಷವೂ ಉಂಟು. ಆದರೆ ಮಗು ಕಲಿಯಲಾರದೆಂದಲ್ಲ. ಅಂಗಿಯ ಗುಂಡಿ ಹಾಕುವುದನ್ನೇ ನೋಡಿ: ಗುಂಡಿಯನ್ನು ಹಿಡಿಯಬೇಕು, ಕಾಜದೊಳಗೆ ತೂರಿಸಬೇಕು, ಆಚೆಯಿಂದ ಎಳೆಯಬೇಕು. ಮೊದಲೆರಡನ್ನು ತಾಯಿ ತಾನೇ ಮಾಡಿ, ಕೊನೆಯ ಎಳೆತವನ್ನಷ್ಟೇ ಮಗುವಿಗೆ ಬಿಡುತ್ತಾಳೆ. ಕೆಲಸ ಮುಗಿಸಿದ ಹಿಗ್ಗು ಮಗುವಿನದಾಗುತ್ತದೆ. ಅದು ಕೈಗೂಡಿದ ಮೇಲೆ ತೂರಿಸುವುದು, ಆಮೇಲೆ ಹಿಡಿಯುವುದು. ಇದಕ್ಕೆ ತಿಂಗಳುಗಳೇ ಬೇಕಾಗಬಹುದು. ಅಷ್ಟು ದಿನವೂ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ತಾನೇ ಗುಂಡಿ ಹಾಕಿಬಿಡುವ ಆತುರವನ್ನು ತಾಯಿ ತಡೆದುಕೊಳ್ಳಬೇಕು.