ಮಯಸ್ತೇನಿಯಾ ಗ್ರೇವಿಸ್: ಕಣ್ಣಿನ ಸ್ನಾಯುಗಳ ಚಿತ್ರಣ

ಬೆಳಿಗ್ಗೆ ಸರಿಯಾಗಿದ್ದ ರೆಪ್ಪೆ ಸಂಜೆಗೆ ಜೋತುಬೀಳುವುದು, ಒಂದೇ ವಸ್ತು ಎರಡಾಗಿ ಕಾಣುವುದು ಮಯಸ್ತೇನಿಯಾ ಗ್ರೇವಿಸ್ ರೋಗದಲ್ಲಿ ಸಾಮಾನ್ಯವಾಗಿ ಮೊದಲು ತಲೆದೋರುವ ಲಕ್ಷಣಗಳು. ನೋಡುವವರಿಗೆ ಇದು ನಿದ್ದೆಗಣ್ಣೆಂದೋ ಸೋಮಾರಿತನವೆಂದೋ ತೋರಬಹುದು. ವಾಸ್ತವವಾಗಿ ಇದು ನರ ಮತ್ತು ಸ್ನಾಯುಗಳು ಸಂಧಿಸುವ ಸ್ಥಾನದ ದೋಷ. ಬಹುಪಾಲು ರೋಗಿಗಳಲ್ಲಿ ದೇಹವೇ ಉತ್ಪಾದಿಸಿದ ಪ್ರತಿಕಾಯಗಳು ಸ್ನಾಯುವಿನ ಅಸಿಟೈಲ್‌ಕೋಲಿನ್ ಗ್ರಾಹಕಗಳ ಮೇಲೆ ದಾಳಿ ಮಾಡುತ್ತವೆ. 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಮೊಲಗಳ ಮೇಲೆ ನಡೆಸಿದ ಪ್ರಯೋಗವು ಈ ತಿಳಿವಳಿಕೆಗೆ ಆಧಾರವಾಯಿತು.

ದೋಷವು ಸಂಧಿಸ್ಥಾನದಲ್ಲಿರುವುದರಿಂದ ಸ್ನಾಯುವಿನ ರಚನೆ ಕೆಡಲಾರದೆಂದು ತೋರುವುದು ಸಹಜ. ರೋಗದ ಆರಂಭದಲ್ಲಿ ಎಂ.ಆರ್.ಐ. ಚಿತ್ರಗಳೂ ಸಾಮಾನ್ಯವಾಗಿ ಹಾಗೆಯೇ ಕಾಣುತ್ತವೆ. ಆದರೆ ರೋಗವು ಹಲವು ವರ್ಷ ಮುಂದುವರಿದ ಕೆಲವರಲ್ಲಿ, ಕಣ್ಣನ್ನು ಚಲಿಸುವ ಆರು ಸ್ನಾಯುಗಳ ಪೈಕಿ ಕೆಲವು ಕೃಶವಾಗಿರುವುದು ಅಥವಾ ಅವುಗಳಲ್ಲಿ ಕೊಬ್ಬು ಸೇರಿರುವುದು ಕಂಡುಬಂದಿದೆ. ನೀರು ಮತ್ತು ಕೊಬ್ಬಿನ ಸಂಕೇತಗಳನ್ನು ಬೇರ್ಪಡಿಸುವ, 1984ರಲ್ಲಿ ಪ್ರಕಟವಾದ ಡಿಕ್ಸನ್ ವಿಧಾನವು ಈ ಕೊಬ್ಬಿನ ಪ್ರಮಾಣವನ್ನು ಅಳೆಯಲು ನೆರವಾಗುತ್ತದೆ. ಥೈರಾಯ್ಡ್ ಸಂಬಂಧಿ ನೇತ್ರರೋಗದಲ್ಲಾದರೋ ಸ್ನಾಯುಗಳು ಊದಿಕೊಂಡು ದಪ್ಪವಾಗುವುದೇ ಹೆಚ್ಚು.

ರೋಗನಿರ್ಣಯಕ್ಕೆ ಚಿತ್ರವೊಂದೇ ಸಾಲದು. ಪ್ರತಿಕಾಯ ಪರೀಕ್ಷೆ ಮತ್ತು ನರ-ಸ್ನಾಯುಗಳ ವಿದ್ಯುತ್ ಪರೀಕ್ಷೆಗಳೇ ಮುಖ್ಯ. ಚಿತ್ರಣದ ಮಹತ್ತ್ವ ಬೇರೆಡೆಯಿದೆ. ಸಂಧಿಸ್ಥಾನದ ಸಂವಹನವನ್ನು ಔಷಧದಿಂದ ಸುಧಾರಿಸಬಹುದು; ಕೊಬ್ಬಾಗಿ ಮಾರ್ಪಟ್ಟ ಸ್ನಾಯುವನ್ನು ಮರಳಿ ಪಡೆಯುವುದು ಕಷ್ಟ. ಆದುದರಿಂದ ಜೋತುಬಿದ್ದ ರೆಪ್ಪೆಯನ್ನು ಆಲಸ್ಯವೆಂದು ಬಗೆದು ಕಳೆಯುವ ಕಾಲವು ರೋಗಿಯ ಪಾಲಿಗೆ ನಷ್ಟವೇ ಆಗಬಲ್ಲದು.