ಉಸ್ಮಾನೀ ಸಾಮ್ರಾಜ್ಯ: ಅಮಾನತ್ ಆಸ್ತಿಯಾದಾಗ

ಉಸ್ಮಾನೀ ಸಾಮ್ರಾಜ್ಯವೆಂದರೆ ನಮಗೆ ಮೊದಲು ನೆನಪಾಗುವುದು 1453ರಲ್ಲಿ ಸುಲ್ತಾನ್ ಮುಹಮ್ಮದ್ ಫಾತಿಹ್ ಕಾನ್‌ಸ್ಟಾಂಟಿನೋಪಲ್ ಗೆದ್ದದ್ದು. ಅದು ಅಳಿದದ್ದು ಹೇಗೆಂದು ಮಕ್ಕಳು ಕೇಳಿದರೆ, ಶತ್ರುಗಳ ಸಂಚು ಎಂದು ಹೇಳಿ ಮಾತು ಮುಗಿಸುತ್ತೇವೆ. ಶತ್ರುಗಳಿದ್ದದ್ದು ನಿಜ. ಆದರೆ ಒಳಗೆ ನಡೆದದ್ದನ್ನೂ ನಾವು ತಿಳಿಯಬೇಕು.

1300ರ ಸುಮಾರಿಗೆ ಅನತೋಲಿಯಾದ ಗಡಿಯಲ್ಲಿ ಉಸ್ಮಾನ್ ಎಂಬ ನಾಯಕರ ಪುಟ್ಟ ಪಾಳೆಯಪಟ್ಟಾಗಿ ಈ ರಾಜ್ಯ ಆರಂಭವಾಯಿತು. 1517ರಲ್ಲಿ ಈಜಿಪ್ಟ್ ಅದರ ವಶವಾಯಿತು. ಮಕ್ಕಾ ಮದೀನಾಗಳ ಸೇವೆಯ ಹೊಣೆಯೂ ಬಂತು. ಸುಲ್ತಾನ್ ಸುಲೈಮಾನರನ್ನು (1520–1566) ಅವರ ಜನ ‘ಕಾನೂನಿ’, ಅಂದರೆ ಕಾನೂನು ಕೊಟ್ಟವರು ಎಂದು ಕರೆದರು.

ಆಗ ಹುದ್ದೆಗೆ ವಂಶಕ್ಕಿಂತ ಯೋಗ್ಯತೆ ಮುಖ್ಯವಾಗಿತ್ತು. ಕ್ರೈಸ್ತ ಮನೆಗಳ ಹುಡುಗರನ್ನು ಕರೆತಂದು ಜಾನಿಸರಿ ಎಂಬ ಪಡೆಗೆ ತರಬೇತು ಮಾಡುತ್ತಿದ್ದರು. ಹೆತ್ತವರಿಗೆ ಅದು ನೋವಿನ ಪದ್ಧತಿಯೇ ಸರಿ. ಆದರೆ ಹಾಗೆ ಬಂದ ಸಿನಾನ್ ಎಂಬವರೇ ಮುಂದೆ ಮುಖ್ಯ ವಾಸ್ತುಶಿಲ್ಪಿಯಾಗಿ ಇಸ್ತಾಂಬುಲಿನ ಸುಲೈಮಾನಿಯಾ ಮಸೀದಿ ಕಟ್ಟಿದರು.

ಕಾಲಕ್ರಮೇಣ ಜಾನಿಸರಿಗಳು ತಮ್ಮ ಮಕ್ಕಳ ಹೆಸರನ್ನೇ ಪಡೆಯ ಪಟ್ಟಿಗೆ ಸೇರಿಸಿದರು. ಸಂಬಳ ಪಡೆಯುತ್ತಲೇ ಅಂಗಡಿ ನಡೆಸಿದರು. ಸುಧಾರಣೆಗೆ ಹೊರಟವರನ್ನು ಸಹಿಸಲಿಲ್ಲ: 1622ರಲ್ಲಿ ಎರಡನೇ ಉಸ್ಮಾನರನ್ನು ಕೊಂದರು, 1807ರಲ್ಲಿ ಮೂರನೇ ಸಲೀಮರನ್ನು ಗದ್ದುಗೆಯಿಂದ ಇಳಿಸಿದರು. ಕೊನೆಗೆ 1826ರಲ್ಲಿ ಸುಲ್ತಾನ್ ಎರಡನೇ ಮಹಮೂದರು ತಮ್ಮದೇ ಸೈನಿಕರ ಬಿಡಾರಗಳಿಗೆ ಫಿರಂಗಿ ಹಾರಿಸಬೇಕಾಯಿತು.

ಈ ದೌರ್ಬಲ್ಯದ ಬಿಸಿ ನಮ್ಮ ನಾಡಿಗೂ ತಟ್ಟಿತು. 1786ರಲ್ಲಿ ಟಿಪ್ಪು ಸುಲ್ತಾನರು ಬ್ರಿಟಿಷರ ವಿರುದ್ಧ ನೆರವು ಕೋರಿ ಇಸ್ತಾಂಬುಲಿಗೆ ರಾಯಭಾರಿಗಳನ್ನು ಕಳುಹಿಸಿದರು. ರಷ್ಯಾದ ಎದುರು ನಿಲ್ಲಲು ಪರದಾಡುತ್ತಿದ್ದ ಇಸ್ತಾಂಬುಲಿನಿಂದ ಸೈನ್ಯ ಬರಲಿಲ್ಲ.

ಇನ್ನೊಂದು ಪೆಟ್ಟು ಸಾಲದ್ದು. ಕ್ರಿಮಿಯಾ ಯುದ್ಧದ ಖರ್ಚಿಗೆಂದು 1854ರಲ್ಲಿ ಮೊದಲ ಬಾರಿ ಯೂರೋಪಿನಿಂದ ಬಡ್ಡಿ ಸಾಲ ತರಲಾಯಿತು. ಅದೇ ವರ್ಷಗಳಲ್ಲಿ ದೋಲ್ಮಾಬಾಹ್ಚೆ ಎಂಬ ಭಾರೀ ಅರಮನೆಯೂ ಎದ್ದಿತು. ಹಳೆಯ ಸಾಲ ತೀರಿಸಲು ಹೊಸ ಸಾಲ ಮಾಡಿದರು. 1875ರ ಹೊತ್ತಿಗೆ ಬಡ್ಡಿ ಪೂರ್ತಿ ಕಟ್ಟಲೂ ಆಗಲಿಲ್ಲ. 1881ರಿಂದ ಉಪ್ಪು, ತಂಬಾಕು, ರೇಷ್ಮೆಯಂಥ ತೆರಿಗೆಗಳ ವಸೂಲಿ ಸಾಲಗಾರರ ಪರವಾದ ಮಂಡಳಿಯ ಕೈಗೆ ಹೋಯಿತು. ಮೊದಲ ಮಹಾಯುದ್ಧದ ಸೋಲಿನ ಬಳಿಕ, 1922ರಲ್ಲಿ ಸಲ್ತನತ್ತೂ 1924ರಲ್ಲಿ ಖಿಲಾಫತ್ತೂ ರದ್ದಾದವು.

ಸಹೋದರ ಸಹೋದರಿಯರೇ, ಹುದ್ದೆ ಎಂಬುದು ಅಮಾನತ್. ನಮ್ಮ ಜಮಾಅತ್ತಿನ ಜವಾಬ್ದಾರಿ ತಂದೆಯಿಂದ ಮಗನಿಗೆ ಬರುವ ಆಸ್ತಿಯಾಗುತ್ತಿದೆಯೇ? ಲೆಕ್ಕ ಕೇಳಿದವರ ಮೇಲೆ ಸಿಟ್ಟಾಗುತ್ತೇವೆಯೇ? ಮದುವೆಯ ಆಡಂಬರಕ್ಕೆ ಬಡ್ಡಿ ಸಾಲ ತರುತ್ತಿದ್ದೇವೆಯೇ? ಹಳೆಯ ವೈಭವವನ್ನು ಕೊಂಡಾಡುವ ಮೊದಲು ಈ ಪ್ರಶ್ನೆಗಳಿಗೆ ನಮ್ಮ ನಮ್ಮ ಮನೆ, ಮೊಹಲ್ಲಾಗಳಲ್ಲಿ ಉತ್ತರ ಕಂಡುಕೊಳ್ಳೋಣ. ಅಲ್ಲಾಹನು ನಮಗೆ ಆ ತೌಫೀಕ್ ನೀಡಲಿ, ಆಮೀನ್.