ಬೀಜಕ್ಕೆ ಬಿಟ್ಟ ನಾಟಿ ಟೊಮೆಟೊ

ನಗರಗೆರೆಯಿಂದ ಚಿಂತಾಮಣಿ, ಶಿಡ್ಲಘಟ್ಟದವರೆಗೆ ಟೊಮೆಟೊ ಎಂದರೆ ಕ್ರೇಟ್ ಲೆಕ್ಕದ ಬೆಳೆ. ನರ್ಸರಿಯಿಂದ ನಾರು ತಂದು, ಡ್ರಿಪ್ ಎಳೆದು, ಕೋಲು ನೆಟ್ಟು ಕಟ್ಟಿ ಬೆಳೆದ ಹಣ್ಣು ನೇರ ಮಂಡಿಗೆ ಹೋಗುತ್ತದೆ. ಬೀಜ ಮಾತ್ರ ಮನೆಯಲ್ಲಿ ಉಳಿಯುವುದಿಲ್ಲ. ಹೈಬ್ರಿಡ್ ಹಣ್ಣಿನ ಬೀಜ ಹಾಕಿದರೆ ಗಿಡಕ್ಕೊಂದು ಬಗೆಯ ಕಾಯಿ. ಬೆಂಗಳೂರಿನ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ 1973ರಲ್ಲಿ ‘ಕರ್ನಾಟಕ’ ಎಂಬ ಸಂಕರಣ ತಳಿ ಬಿಡುಗಡೆ ಮಾಡಿತು. ಮುಂದೆ ಬೆಳೆ ಬೆಳೆಗೂ ಬೀಜ ಕೊಳ್ಳುವುದೇ ರೂಢಿಯಾಯಿತು. ಇಳುವರಿ, ಲಾರಿ ಪ್ರಯಾಣ ತಡೆಯುವ ಗಟ್ಟಿ ಹಣ್ಣು ಎರಡೂ ರೈತನಿಗೆ ಬೇಕಾದವೇ, ಅದನ್ನು ಹಳಿಯಲಾರೆ. ಆದರೆ ನಾಟಿ ಉಳಿಯಬೇಕಾದರೆ ಇನ್ನು ಹಿತ್ತಿಲೇ ಗತಿ.

ಚಪ್ಪಟೆ ಮೈ, ತೊಟ್ಟಿನ ಸುತ್ತ ಮಡಿಕೆ, ತೆಳು ಸಿಪ್ಪೆ, ತುಂಬ ರಸ. ಆ ಹುಳಿ ಇದ್ದರೆ ಸಾರಿಗೆ ಹುಣಸೆಹಣ್ಣು ಬೇಡ. ಮುದ್ದೆಯ ಜೊತೆಗಿನ ಗೊಜ್ಜಿಗಂತೂ ಬೇರೆ ಹಣ್ಣು ಸಾಟಿಯಲ್ಲ.

ಬೀಜ ಹಿಡಿಯುವುದು ಕಷ್ಟವಲ್ಲ. ಟೊಮೆಟೊ ಹೂವಿನಲ್ಲಿ ಕೇಸರಗಳು ಕೂಡಿಕೊಂಡು ಶಲಾಕೆಯನ್ನು ಮುಚ್ಚಿರುವುದರಿಂದ ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ತಳಿ ಬೆರೆಯುವುದು ಕಡಿಮೆ. ಆದರೆ ಹಣ್ಣಿನ ಚೆಂದಕ್ಕೆ ಮರುಳಾಗಬಾರದು, ಗಿಡ ನೋಡಬೇಕು. ಬಿಳಿನೊಣ ಹರಡುವ ಎಲೆ ಮುಟುರು ರೋಗಕ್ಕೆ ಅಕ್ಕಪಕ್ಕದ ಗಿಡಗಳು ಮುದುಡಿದರೂ ನೆಟ್ಟಗೆ ನಿಂತು ಕಾಯಿ ಬಿಟ್ಟ ಗಿಡ ಯಾವುದೋ ಅದಕ್ಕೆ ಬಟ್ಟೆ ಚೂರು ಕಟ್ಟಿ, ಅಡುಗೆಗೆ ಕೀಳದಂತೆ ಮನೆಯವರಿಗೆಲ್ಲ ಹೇಳಿಬಿಡಿ.

ಹಣ್ಣು ಗಿಡದಲ್ಲೇ ಮೆತ್ತಗಾಗುವಷ್ಟು ಮಾಗಲಿ. ಅಡ್ಡಕ್ಕೆ ಕೊಯ್ದು, ಬೀಜವನ್ನು ಲೋಳೆಯ ಸಮೇತ ಗಾಜಿನ ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಬೆರೆಸಿ ನೆರಳಲ್ಲಿಡಿ. ಎರಡು ಮೂರು ದಿನದಲ್ಲಿ ಹುಳಿ ವಾಸನೆ ಬರುತ್ತದೆ, ಮೇಲೆ ಬಿಳಿ ಕೆನೆ ಕಟ್ಟುತ್ತದೆ. ಹೆದರಬೇಕಿಲ್ಲ, ಮೊಳಕೆ ತಡೆಯುವ ಲೋಳೆ ಕರಗುತ್ತಿರುವ ಗುರುತು ಅದು. ಇನ್ನೂ ಹೆಚ್ಚು ದಿನ ಬಿಟ್ಟರೆ ಬೀಜ ಲೋಟದಲ್ಲೇ ಮೊಳೆಯುತ್ತದೆ. ತೇಲುವ ಜೊಳ್ಳು ಚೆಲ್ಲಿ, ತಳದ ಬೀಜ ತೊಳೆದು ತಟ್ಟೆಯ ಮೇಲೆ ಹರಡಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ.

ಒಂದು ಎಚ್ಚರ: ಸಂತೆಯಲ್ಲಿ ‘ನಾಟಿ’ ಎಂದು ಕೊಡುವ ಹಣ್ಣೆಲ್ಲ ನಾಟಿಯಲ್ಲ, ಹುಳಿ ಬಗೆಯ ಹೈಬ್ರಿಡ್‌ಗಳೂ ಇವೆ. ಬಿತ್ತಿ ನೋಡಿದರೆ ಬಣ್ಣ ಬಯಲು. ನಾಟಿ ಬೀಜ ಸಿಗದಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕ ವಿಕಾಸ್’ ಹಾಕಿ. ಅದು ಹಳೆಯ ನಾಟಿಯಲ್ಲ, ಹೈಬ್ರಿಡ್ಡೂ ಅಲ್ಲ. ಅದರ ಬೀಜ ಮರಳಿ ಬಿತ್ತಬಹುದು.

ಚೆನ್ನಾಗಿ ಒಣಗಿದ ಬೀಜ ನಾಲ್ಕು ವರ್ಷ ಮೊಳೆಯುತ್ತದೆ. ಡಬ್ಬಿಯ ಮೇಲೆ ಇಸವಿ ಬರೆದಿಡಿ. ಅರ್ಧ ಬೀಜ ಪಕ್ಕದ ಮನೆಗೆ ಕೊಡಿ. ನಿಮ್ಮ ಹಿತ್ತಿಲಿನ ಗಿಡಗಳು ರೋಗಕ್ಕೆ ಬಲಿಯಾದ ವರ್ಷ ಅಲ್ಲಿ ಹೋಗಿ ಕೇಳಬಹುದು.